ಗಂಗಾಳ ತೊಳೆದ ನೀರು

ಟೇಲರ್ ನನ್ನನ್ನು ಎಚ್ಚರಿಸಿದ್ದ. ಹೊಟ್ಟೆಯ ಆಪರೇಶನ್ ಆಗಿ ವರ್ಷ ತುಂಬುವಷ್ಟರಲ್ಲಿ ನನ್ನ ಜಂಪರುಗಳೆಲ್ಲ ಜೋಳ ಖಾಲಿಯಾದ ಚೀಲದ ಹಾಗೆ ಜೋತುಬಿದ್ದಿದ್ದವು. "ಬಾಯಾರ, ಅರಿವಿ ಒಳಗ ಮಡಚಿ ಹೊಲಿತೀನ್ರಿ. ಮುಂದ ಬೇಕಾದ್ರ ಬಿಚ್ಚಾಕ ಬರತೈತಿ," ಎಂದ.

"ಬಿಚ್ಚೂ ಪ್ರಸಂಗ ಬರೂದಿಲ್ಲ. ಕತ್ತರಿಸಿ ಒಗೀರಿ," ಎಂದೆ.

ಪಾಪ, ಕತ್ತರಿಸಿ ಒಗೆದ. ಈಗ ಆ ಜಂಪರುಗಳಲ್ಲಿ ಒಂದಕ್ಕೂ ಹುಕ್ಕು ಹತ್ತುತ್ತಿರಲಿಲ್ಲ. ಕಳೆದುಕೊಂಡ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಹೇಳದೆ ಕೇಳದೆ ತಿರುಗಿ ಬಂದು ಕೂತಿತ್ತು. ಒಂದು ದಿನ ನಾನು ಕಲಿಸುವ ಸಾಲೆಯಲ್ಲಿ ಪಾಲಕರ ಸಭೆಗೆ ಸ್ವಾಗತ ಹೇಳಲು ಎದ್ದರೆ ಪ್ಲಾಸ್ಟಿಕ್ ಖುರ್ಚಿಯೂ ನನ್ನ ಜೊತೆಗೇ ಎದ್ದು ನಿಂತಿತು. ಸ್ವಾಗತವನ್ನು ನಾವಿಬ್ಬರೂ ಕೂಡಿಯೇ ಹೇಳಿದೆವು.

ನಕ್ಕೆನಾದರೂ ಆ ನಗು ಬಾಯಿಯ ಮೇಲಿನದಷ್ಟೇ. ಸಕ್ಕರೆ ಕಾಯಿಲೆಗೆ, ಮೊಣಕಾಲಿಗೆ ಹೆದರಿ ಆ ಆಪರೇಶನ್ ಮಾಡಿಸಿಕೊಂಡಿದ್ದೆ. ಹೊಟ್ಟೆಯ ದೊಡ್ಡ ಭಾಗವನ್ನು ತೆಗೆದು, ಒಂದು ಬಾಳೆಹಣ್ಣಿನಷ್ಟು ಚೀಲ ಉಳಿಸಿದ್ದರು. ಇಷ್ಟಾದ ಮೇಲೂ ತೂಕ ಬಂದರೆ ಮತ್ತೊಮ್ಮೆ ಕೊಯ್ಯಬೇಕಾಗುತ್ತದೇನೋ ಎಂಬ ಭಯ. ಆ ಭಯಕ್ಕೇ ಮಿರಜಿನ ಆಸ್ಪತ್ರೆಗೆ ತೋರಿಸಲು ಹೋಗುವುದನ್ನು ಮುಂದೆ ಮುಂದೆ ಹಾಕುತ್ತ ಬಂದಿದ್ದೆ.

ನಮ್ಮ ಮನೆತನದಲ್ಲಿ ಪದವಿ ಮುಗಿಸಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಎಂದೂ ಸಂಕೋಚವಿಲ್ಲ. ಮಹಾರಾಷ್ಟ್ರಕ್ಕೆ ಸೇರಿದ ನಮ್ಮೂರಿನ ಕನ್ನಡ ಸಾಲೆಯಲ್ಲಿ ಕಲಿತು, ಜತ್ತದ ಕಾಲೇಜಿನಲ್ಲಿ ಮರಾಠಿಯ ಜೊತೆ ಗುದ್ದಾಡಿ ಗೆದ್ದವಳು. ಕರಿ ಗೌನು ತೊಟ್ಟ ನನ್ನ ಫೋಟೋ ದೇವರ ಜಗುಲಿಯ ಮೇಲೆಯೇ ಇದೆ. ಅವ್ವ ದೇವರಿಗೆ ವಿಭೂತಿ ಹಚ್ಚುವಾಗ ಅದಕ್ಕೂ ಒಂದು ಗೆರೆ ಎಳೆಯುತ್ತಾಳೆ. ಇಂಥ ಪದವೀಧರೆ ಡಾಕ್ಟರು ಹೇಳಿದ್ದನ್ನೆಲ್ಲ ಬಾಯಿಪಾಠ ಮಾಡಿದ್ದಳು. ನಿಧಾನವಾಗಿ ಉಣ್ಣಬೇಕು. ಹೊಟ್ಟೆ ತುಂಬಿದ ಕೂಡಲೇ ನಿಲ್ಲಿಸಬೇಕು. ಊಟದ ಜೊತೆ ನೀರು ಕುಡಿಯಬಾರದು. ಎಲ್ಲ ಗೊತ್ತು. ಮತ್ತೆ ಈ ತೂಕ ಎಲ್ಲಿಂದ ಬಂತು?

ಮನೆಯಲ್ಲಿ ನಾನು, ಅವ್ವ ಇಬ್ಬರೇ. ಅವ್ವನ ವಿಚಾರ ಸರಳವಾಗಿತ್ತು. "ಹೊಟ್ಟಿ ಸಣ್ಣದು ಮಾಡ್ಯಾರ. ಒಮ್ಮೆ ಹಿಡಿಸೂದಿಲ್ಲ. ಅದಕ್ಕ ಹತ್ತ ಸಲ ಕೊಡಬೇಕು." ರೊಟ್ಟಿ ಗಂಟಲಲ್ಲಿ ನಿಲ್ಲುತ್ತದೆ ಎಂದರೆ ಶೇಂಗಾ ಹೋಳಿಗೆಯನ್ನು ಹಾಲಲ್ಲಿ ಕಲಸಿ ಕೊಡುತ್ತಿದ್ದಳು. ಅದು ಎಲ್ಲೂ ನಿಲ್ಲದೆ ಸರ್ರನೆ ಇಳಿಯುತ್ತಿತ್ತು.

ಖುರ್ಚಿಯ ಸುದ್ದಿ ಯಾರೋ ಪಾಲಕರು ಅವ್ವನಿಗೆ ಮುಟ್ಟಿಸಿದರು. ಅವತ್ತೇ ತೀರ್ಮಾನವಾಯಿತು. "ನಾಳೆ ಮಿರಜಿಗೆ ಹೋಗೂದು. ನಾನೂ ಬರ್ತೀನಿ. ನಿನ್ನ ಒಬ್ಬಾಕೀನ ಬಿಟ್ರ ಅಲ್ಲಿ ಏನರ ಸುಳ್ಳ ಹೇಳಿ ಬರ್ತಿ."

ಬಸ್ಸಿನಲ್ಲಿ ಅವ್ವನ ತೊಡೆಯ ಮೇಲೆ ಒಂದು ಗಂಟು. ಅದರೊಳಗೆ ಶೇಂಗಾ ಹೋಳಿಗೆ. "ಯಾರಿಗವ್ವ ಇದು?" ಎಂದರೆ, "ಡಾಕ್ಟರಗ. ಖಾಲಿ ಕೈಲೆ ಹೋಗಾಕ ಬರತೈತೇನು?" ತೂಕ ಇಳಿಸುವವರಿಗೆ ಹೋಳಿಗೆಯ ಗಂಟು!

ಡಾಕ್ಟರು ಪರೀಕ್ಷೆ ಮಾಡಿ, "ಮೂರು ತಿಂಗಳು ನೆಟ್ಟಗೆ ಉಂಡು ತೋರಿಸಿ. ಇನ್ನೊಂದು ಆಪರೇಶನ್ ಬೇಕೋ ಬೇಡವೋ ಆಮೇಲೆ ನೋಡೋಣ," ಎಂದು ನಮ್ಮನ್ನು ಊಟದ ಸಲಹೆ ಕೊಡುವ ಮೇಡಮ್ಮರ ಹತ್ತಿರ ಕಳಿಸಿದರು. ಆ ಮೇಡಮ್ಮರಿಗೆ ಕನ್ನಡ ಬಾರದು. ಅವರದು ಪುಣೆ ಕಡೆಯ ಚುರುಕು ಮರಾಠಿ.

"ಊಟದ ಜೊತೆ ನೀರು ಕುಡಿಯುತ್ತೀರಾ?" ಎಂದು ಕೇಳಿದರು.

"ಒಂದು ಹನಿಯೂ ಇಲ್ಲ," ಎಂದೆ, ಕ್ಲಾಸಿಗೆ ಮೊದಲು ಬಂದವಳ ಧಾಟಿಯಲ್ಲಿ.

ಪಕ್ಕದಲ್ಲಿದ್ದ ಅವ್ವ ಕನ್ನಡದಲ್ಲಿ, "ಗಂಗಾಳ ತೊಳದ ಕುಡೀತಿಯಲ್ಲ, ಅದು ನೀರಲ್ಲೇನ?" ಎಂದಳು.

ಉಂಡ ಮೇಲೆ ಗಂಗಾಳಕ್ಕೆ, ಅಂದರೆ ಊಟದ ತಾಟಿಗೆ, ನೀರು ಹಾಕಿ, ಬೆರಳಿನಿಂದ ತೊಳೆದು, ಒಂದು ಅಗುಳೂ ಉಳಿಯದಂತೆ ಕುಡಿದುಬಿಡುವುದು ನಮ್ಮ ಮನೆಯ ರೂಢಿ. ಪ್ರಸಾದ ಚೆಲ್ಲಬಾರದು. ಬುದ್ಧಿ ಬಂದಾಗಿನಿಂದ ಮಾಡುತ್ತ ಬಂದದ್ದು. ಅದನ್ನು ನೀರು ಎಂದು ನಾನು ಲೆಕ್ಕ ಹಿಡಿದೇ ಇರಲಿಲ್ಲ. ಹಣೆಗೆ ವಿಭೂತಿ ಹಚ್ಚಿಕೊಂಡವರು ಮೇಕಪ್ ಮಾಡಿಕೊಂಡೆ ಎನ್ನುತ್ತಾರೆಯೇ? ಗಂಗಾಳ ತೊಳೆದು ಕುಡಿಯಬೇಕೆಂದರೆ ಮೊದಲು ಅದು ಖಾಲಿಯಾಗಬೇಕು. ಹೊಟ್ಟೆ ಸಾಕು ಅಂದರೂ ಖಾಲಿ ಮಾಡುತ್ತಿದ್ದೆ. ನೀರು ಬಿದ್ದೊಡನೆ ಉಂಡದ್ದು ಕೆಳಗಿಳಿದು, ತಾಸಿನೊಳಗೆ ಮತ್ತೆ ಹಸಿವು. ಆಗ ಹಾಲು ಹೋಳಿಗೆ ತಯಾರು.

"ಆಯಿ ಏನಂದರು?" ಮೇಡಮ್ ಕೇಳಿದರು.

"ನೀರು ಕುಡಿಯುವುದೇ ಇಲ್ಲ ಎಂದರು," ಎಂದೆ.

"ಒಳ್ಳೆಯದು. ಹೊಟ್ಟೆ ತುಂಬಿದ ಮೇಲೆ ತಾಟಿನಲ್ಲಿ ಉಳಿದರೆ ಒಗೆದುಬಿಡಿ ಎಂದು ಆಯಿಗೂ ಹೇಳಿ."

ಅವ್ವನಿಗೆ ಇದನ್ನು ಹೇಗೆ ಹೇಳುವುದು? "ಅಡಗಿ ಭಾಳ ಚಲೋ ಮಾಡ್ತೀರಂತವ್ವ," ಎಂದುಬಿಟ್ಟೆ.

ಅವ್ವ ನನ್ನನ್ನೊಮ್ಮೆ ನೋಡಿದಳು. ಆಮೇಲೆ ಮೇಡಮ್ಮರ ಕಡೆ ತಿರುಗಿ, "ಮೇಡಮ್, ಹೀ ಖೋಟಂ ಬೋಲ್ತೆ," ಎಂದಳು. ಇವಳು ಸುಳ್ಳು ಹೇಳುತ್ತಾಳೆ ಎಂದು, ಚೊಕ್ಕ ಮರಾಠಿಯಲ್ಲಿ! ಮತ್ತೆ ನನಗೆ, "ಜತ್ತ ಸಂತಿಯಾಗ ಬದನಿಕಾಯಿ ಮಾರಿ ನಿನ್ನ ಕಲಿಸೀನಿ. ನಿನ್ನ ಪದವಿಕಿಂತ ನನ್ನ ಮರಾಠಿ ಹಳೇದೈತಿ."

ಸಂತೆಯ ಮರಾಠಿ ಅವಳಿಗೆ ಬರುತ್ತದೆಂದು ಗೊತ್ತಿತ್ತು. ಆಸ್ಪತ್ರೆಯ ಮರಾಠಿ ಬೇರೆ ಎಂದುಕೊಂಡದ್ದು ನನ್ನ ಪದವಿಯ ಮಹಿಮೆ. ಮುಂದಿನದೆಲ್ಲ ಅವರಿಬ್ಬರ ನಡುವೆಯೇ ನಡೆಯಿತು. ಗಂಗಾಳದ ನೀರು, ಹತ್ತು ಸಲದ ಊಟ, ಖುರ್ಚಿ, ಎಲ್ಲ ಹೊರಬಿತ್ತು. ಖುರ್ಚಿಯ ಕತೆಗೆ ಮೇಡಮ್ ನಗು ತಡೆಯಲಾರದೆ ಟೇಬಲ್ಲಿನ ಕೆಳಗೆ ಪೆನ್ನು ಹುಡುಕುವ ನಾಟಕ ಮಾಡಿದರು.

ನಂತರ ಅವ್ವ ನಗದೆ ಹೇಳಿದಳು. "ಕಾಲೇಜು ಕಲಿಯುವಾಗ ಇವಳು ಅರ್ಧ ಹೊಟ್ಟೆಯಲ್ಲೇ ಬಸ್ಸು ಹತ್ತುತ್ತಿದ್ದಳು. ಈಗ ಮನೆಯಲ್ಲಿ ಜೋಳವಿದೆ, ಹೈನವಿದೆ. ಉಳಿದದ್ದನ್ನು ಒಗೆ ಎಂದು ನಾನು ಹೇಗೆ ಹೇಳಲಿ?"

ಮೇಡಮ್ ಪೆನ್ನು ಬದಿಗಿಟ್ಟು ಅವ್ವನನ್ನು ಕೇಳಿದರು, "ನೀಡುವವರು ಯಾರು?"

"ನಾನೇ."

"ಹಾಗಾದರೆ ಕಡಿಮೆ ನೀಡಿ. ಉಳಿಯುವುದೂ ಇಲ್ಲ, ಒಗೆಯುವುದೂ ಇಲ್ಲ. ಮೊದಲು ಕಾಳು, ಮೊಸರು, ರೊಟ್ಟಿ ಕಡೆಗೆ."

ಅವ್ವ ನನ್ನ ಕಡೆ ತಿರುಗಿದಳು. "ಇಷ್ಟ ಮಾತು ಹೇಳಾಕ ನಿನಗ ಬಾಯಿ ಇರಲಿಲ್ಲೇನ?"

ಆಮೇಲೆ ಗಂಟು ಬಿಚ್ಚಿದಳು. ಹೋಳಿಗೆ ನೋಡಿ ಮೇಡಮ್, "ಇದೇ ನೋಡಿ ಕಳ್ಳ. ಹಾಲಲ್ಲಿ ನೆನೆದರೆ ಹೊಟ್ಟೆಗೆ ತುಂಬಿದ್ದೇ ತಿಳಿಯುವುದಿಲ್ಲ," ಎನ್ನುತ್ತ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡರು. ನಾನು ಅವರನ್ನೇ ನೋಡುತ್ತಿದ್ದೆ. "ನನಗೆ ಆಪರೇಶನ್ ಆಗಿಲ್ಲವಲ್ಲ," ಎಂದು ಇನ್ನೊಂದು ತುಂಡು ಮುರಿದರು.

ಅಲ್ಲಿಂದ ನನ್ನ ಅವ್ವ ಫೌಜದಾರಳಾದಳು. ಹೋಳಿಗೆಯ ಡಬ್ಬಿ ಅಟ್ಟ ಏರಿತು. ಗಂಗಾಳದಲ್ಲಿ ಮೊದಲು ಮಡಕಿಕಾಳಿನ ಪಲ್ಯ, ಕಡೆಗೆ ಅಂಗೈಯಷ್ಟು ರೊಟ್ಟಿ. ಸಾಲೆಯಲ್ಲಿ ಮಕ್ಕಳ ಖಿಚಡಿಯ ರುಚಿ ನೋಡುವುದು ನನ್ನ ಕರ್ತವ್ಯ ಎಂದರೆ, "ರುಚಿ ನೋಡಾಕ ಚಮಚಾ ಸಾಕು, ಗಂಗಾಳ ಯಾಕ?" ಎಂದಳು. ಸಂಜೆ ತಿಕೋಂಡಿ ರಸ್ತೆಗೆ ನನ್ನನ್ನು ಹೊರಡಿಸಿಕೊಂಡು ತಾನೇ ಮುಂದೆ ನಡೆದಳು. "ಲಗೂನ ಬರ್ರಿ ಬಾಯಾರ, ಕುರಿ ಸೈತ ನಿಮ್ಮನ್ನ ದಾಟಿ ಹೊಂಟಾವು," ಎಂದು ದಾರಿಹೋಕರಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ಕುರಿಗಳು ನಿಜವಾಗಿಯೂ ದಾಟಿ ಹೋಗುತ್ತಿದ್ದವು.

ಗಂಗಾಳ ತೊಳೆಯುವುದನ್ನು ಮಾತ್ರ ಅವಳು ಬಿಡಲಿಲ್ಲ, ಬಿಡಿಸಲೂ ಇಲ್ಲ. ರೊಟ್ಟಿಯ ಕೊನೆಯ ತುಣುಕಿನಿಂದ ಗಂಗಾಳ ಹೊಳೆಯುವಂತೆ ಒರೆಸಿಕೊಳ್ಳಬೇಕು. ಅದರ ಮೇಲೆ ಅವಳು ಒಂದೇ ಒಂದು ಚಮಚೆ ನೀರು ಹಾಕುತ್ತಿದ್ದಳು, ತೀರ್ಥ ಕೊಟ್ಟ ಹಾಗೆ.

ಮೂರು ತಿಂಗಳಿಗೆ ಮಿರಜಿನಲ್ಲಿ ಡಾಕ್ಟರು ತೂಕದ ಯಂತ್ರ ನೋಡಿ, ನನ್ನನ್ನು ನೋಡಿ, "ಆಪರೇಶನ್ ಮಾತು ಬಿಡಿ. ಹೀಗೇ ನಡೆಯಲಿ," ಎಂದರು. ಬಂದ ತೂಕವೆಲ್ಲ ಹೋಗಿರಲಿಲ್ಲ, ಆದರೆ ದಾರಿ ಹಿಡಿದಿತ್ತು. ಅವ್ವ ಆಸ್ಪತ್ರೆಯ ಪಾವಟಿಗೆಯ ಮೇಲೆಯೇ ಕೈಮುಗಿದು, "ಮೊದಲ ಗುಡ್ಡಾಪುರಕ್ಕ ಹೋಗೂಣು," ಎಂದಳು.

ಗುಡ್ಡಾಪುರದಲ್ಲಿ ದಾನಮ್ಮನ ದರ್ಶನವಾಗಿ ದಾಸೋಹಕ್ಕೆ ಕೂತೆವು. ಗೋಧಿ ಹುಗ್ಗಿ. ನೀಡುವವನು ಬಕೆಟ್ಟು ಹಿಡಿದು ಬಂದ. ಅವ್ವ ನನ್ನ ತಾಟಿನ ಮೇಲೆ ಎರಡೂ ಕೈ ಅಡ್ಡ ಇಟ್ಟಳು.

"ಯಾಕ್ರಿ ಆಯಿ, ಮಗಳಿಗೆ ಉಪಾಸ ಹಾಕ್ತೀರೇನ್ರಿ?"

"ಒಂದ ತುತ್ತು ನೀಡು. ಪ್ರಸಾದ ಅಂದ್ರ ಪ್ರಸಾದದಷ್ಟ ಇರಬೇಕು."

ಅವನು ಒಂದು ತುತ್ತು ಹಾಕಿ ಮುಂದೆ ಹೋದ. ನಾನು ಅಗಿದು ಅಗಿದು ಉಂಡೆ. ಎಂಥ ರುಚಿ! ಅವ್ವ ಪಕ್ಕದಲ್ಲಿ ನನ್ನನ್ನೇ ನೋಡುತ್ತಿದ್ದಳು. ಆ ಕಣ್ಣು ನನಗೆ ಗೊತ್ತು. ಅವಳ ಕೈ ತಾನಾಗಿಯೇ ತನ್ನ ತಾಟಿನಿಂದ ಒಂದು ಹಿಡಿ ಹುಗ್ಗಿ ತೆಗೆದು ನನ್ನ ತಾಟಿನ ಕಡೆ ಹೊರಟಿತು. ಅರ್ಧ ದಾರಿಯಲ್ಲಿ ನಿಂತಿತು.

"ಅವ್ವಾ."

"ಏನಿಲ್ಲ ಬಿಡ," ಎಂದು ಆ ತುತ್ತನ್ನು ತನ್ನ ಬಾಯಿಗೇ ಹಾಕಿಕೊಂಡಳು. ಬಾಯಿ ತುಂಬ ಹುಗ್ಗಿ, ಅದರ ಮೇಲೆ ನಗು. ನನಗೂ ನಗು ತಡೆಯಲಿಲ್ಲ. ಸಾಲಿನಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ಅವ್ವ ಕಣ್ಣೊರೆಸಿಕೊಂಡು ಸೊಂಟದ ಚೀಲಕ್ಕೆ ಕೈಹಾಕಿ ಏನನ್ನೋ ಹುಡುಕಿದಳು. ಎಲೆ ಅಡಿಕೆ ಇರಬೇಕು ಎಂದುಕೊಂಡೆ.

ಚಮಚೆ ತಂದಿದ್ದಳು.