ಟಾರ್ಚ್ ಅಕ್ಕನ ಮುಂದೆ ಬಾಯಿ ತೆರೆದ ಮೇಸ್ತ್ರಿ

ಸಿನಿಮಾ ಟಾಕೀಸಿನ ಕತ್ತಲಲ್ಲಿ ಹತ್ತೊಂಬತ್ತು ವರ್ಷ ಜನರಿಗೆ ಸೀಟು ತೋರಿಸಿದವಳು ಅವಳು. ಟಾಕೀಸು ಮುಚ್ಚಿದ ಮೇಲೆ ಆರೋಗ್ಯ ಕೇಂದ್ರದವರು ಬಾಯಿ ತಪಾಸಣೆಯ ತರಬೇತಿ ಕೊಟ್ಟು, ಕೈಗೆ ಮತ್ತೊಂದು ಟಾರ್ಚು ಕೊಟ್ಟರು. "ಆಗ ಕಾಲ ಬುಡಕ್ಕೆ ಬಿಡ್ತಿದ್ದೆ, ಈಗ ಬಾಯೊಳಗೆ ಬಿಡ್ತೀನಿ, ಅಷ್ಟೇ" ಎಂದು ತಾನೇ ನಗುತ್ತಿದ್ದಳು. ಬಡಾವಣೆಗೆಲ್ಲ ಅವಳು ಟಾರ್ಚ್ ಅಕ್ಕ.

ಮನೆಮನೆ ಸುತ್ತಿ ತಿಳಿಹೇಳುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಕಬ್ಬಿಣದ ಕಡಲೆಯಾಗಿದ್ದು ಗ್ಯಾರೇಜು ಬೀದಿ. ಅಲ್ಲಿ ಹೊಗೆಸೊಪ್ಪು ಜಗಿಯದ ಗಂಡಸೇ ಅಪರೂಪ. ಅವಳು ಕಂಡೊಡನೆ ಒಬ್ಬ ಕಾರಿನಡಿಗೆ ನುಸುಳುತ್ತಿದ್ದ, ಇನ್ನೊಬ್ಬನಿಗೆ ಬಾರದ ಫೋನು ಬರುತ್ತಿತ್ತು. ಬೀದಿಗೆಲ್ಲ ಹಿರಿಯನಾದ ಮೇಸ್ತ್ರಿಯೇ ಒಪ್ಪದ ಮೇಲೆ ಉಳಿದವರು ಯಾಕೆ ಒಪ್ಪುತ್ತಾರೆ?

"ಬಾಯಿ ಬಿಟ್ಟರೆ ಬಣ್ಣಗೇಡು ಅಂತ ದೊಡ್ಡೋರು ಸುಮ್ನೆ ಹೇಳಿಲ್ಲಮ್ಮ" ಎಂದ ಮೇಸ್ತ್ರಿ.

"ನಿಮ್ಮ ಬಣ್ಣ ಆಗಲೇ ಗೋಡೆ ಮೇಲಿದೆಯಲ್ಲ!" ಎಂದು ಅವಳು ಉಗುಳಿನ ಕಲೆ ತೋರಿಸಿದಳು. ಕೆಲಸದವರು ಸ್ಪ್ಯಾನರ್ ಕೆಳಗಿಟ್ಟು ನಕ್ಕರು. ಬಾಯಿ ಮಾತ್ರ ಯಾರೂ ತೆರೆಯಲಿಲ್ಲ.

ಹೀಗೆ ಮೂರು ಮಂಗಳವಾರ ಬರಿಗೈಯಲ್ಲಿ ವಾಪಸಾದಳು. ನಾಲ್ಕನೆಯ ಮಂಗಳವಾರ ಮೇಸ್ತ್ರಿಯ ಹೆಂಡತಿ ಊಟದ ಡಬ್ಬಿ ತಂದಿದ್ದಳು, ಮುಖ ಊದಿಸಿಕೊಂಡು.

"ನೀವೇ ಹೇಳಿ ಅಕ್ಕ, ಇಪ್ಪತ್ತಾರು ವರ್ಷ ನನ್ನ ಕೈ ಅಡುಗೆ ಚಪ್ಪರಿಸಿದೋರು ಇವರು. ಒಂದು ತಿಂಗಳಿಂದ ಖಾರ ಹಾಕ್ಬೇಡ ಅಂತಾರೆ. ಒಂದು ಮೆಣಸಿನಕಾಯಿ ಹಾಕಿದ್ರೂ ತಟ್ಟೆ ತಳ್ತಾರೆ. ನನ್ನ ಅಡುಗೆ ಅಷ್ಟು ಕೆಟ್ಟೋಯ್ತಾ?"

ಟಾರ್ಚ್ ಅಕ್ಕನ ನಗು ನಿಂತಿತು. "ಬಾಯಿ ಉರಿಯುತ್ತಾ ಮೇಸ್ತ್ರಿ?"

ಮೇಸ್ತ್ರಿ ಎಂಜಿನ್ನಿನೊಳಗೆ ತಲೆ ತೂರಿಸಿದ. ಹೆಂಡತಿಗೆ ಎಲ್ಲ ಅರ್ಥವಾಯಿತು. "ಉರಿ ಅಂತ ಬಾಯಿಬಿಟ್ಟು ಹೇಳೋಕೇನ್ರೀ? ನಾನು ಒಂದು ತಿಂಗಳು ಸುಮ್ನೆ ಜಗಳ ಆಡಿದ್ನಾ? ಕೂತ್ಕೊಳ್ಳಿ ಇಲ್ಲಿ!"

ಮೇಸ್ತ್ರಿ ಕೂತ. ಬಾಯಿಯೂ ತೆರೆಯಿತು. ಎಡಗೆನ್ನೆಯ ಒಳಗೆ ಉಗುರಗಲದ ಬಿಳಿ ಮಚ್ಚೆ. ಟಾರ್ಚ್ ಅಕ್ಕ ಟಾರ್ಚು ಆರಿಸಿದಳು.

"ನಾನು ಡಾಕ್ಟರಲ್ಲ. ಇದು ಏನು ಅಂತ ಅವರೇ ಹೇಳ್ಬೇಕು. ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಳ್ಳೋವರೆಗೂ ಕಾಯೋದು ಬೇಡ. ನಾಳೆ ಬೆಳಗ್ಗೆ ಹೋಗೋಣ, ಜೊತೆಗೆ ನಾನೂ ಬರ್ತೀನಿ."

ಆಸ್ಪತ್ರೆಯ ಬೆಂಚಿನಲ್ಲಿ ಆ ಆರಡಿ ಗಂಡಸು ಹೆಂಡತಿಯ ಸೆರಗಿನ ತುದಿ ಹಿಡಿದು ಕೂತಿದ್ದ. ಮಚ್ಚೆಯಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರಲು ಹತ್ತು ದಿನ ಹಿಡಿಯಿತು.

"ಕ್ಯಾನ್ಸರ್ ಅಲ್ಲ" ಎಂದರು ಡಾಕ್ಟರಮ್ಮ. ಮೇಸ್ತ್ರಿ ಅಷ್ಟು ಕೇಳಿದ್ದೇ ತಡ, ಬಾಗಿಲ ಬಳಿ ಹೋಗಿಬಿಟ್ಟಿದ್ದ. ಹೆಂಡತಿ ಅಂಗಿ ಹಿಡಿದು ಎಳೆದಳು. "ಉಳಿದದ್ದನ್ನೂ ಹೇಳಿ ಡಾಕ್ಟ್ರೇ, ಇವರು ಅರ್ಧ ಮಾತಿನ ಗಿರಾಕಿ."

ಉಳಿದ ಅರ್ಧ ಇಷ್ಟು: ಜಗಿಯುವುದನ್ನು ಬಿಡದಿದ್ದರೆ ಮುಂದೆ ಅದೇ ಆಗಬಹುದು, ಹೊಗೆಸೊಪ್ಪು ಇಂದಿನಿಂದಲೇ ಬಂದ್, ಮೂರು ತಿಂಗಳಿಗೊಮ್ಮೆ ತಪಾಸಣೆ.

ಮುಂದಿನ ಮಂಗಳವಾರ ಟಾರ್ಚ್ ಅಕ್ಕ ಬರುವಷ್ಟರಲ್ಲಿ ಮೇಸ್ತ್ರಿ ಬಾಗಿಲಲ್ಲೇ ಕುರ್ಚಿ ಹಾಕಿಸಿದ್ದ. "ಬಾಯಿ ತೋರಿಸದವರಿಗೆ ಗಾಡಿ ಕೀಲಿ ಇಲ್ಲ!" ಎಂದು ಕೂಗುತ್ತಿದ್ದ. ಕೆಲಸದವರು, ಗಾಡಿ ಒಯ್ಯಲು ಬಂದವರು, ಎದುರಿನ ಟೈರ್ ಅಂಗಡಿಯವನು, ಎಲ್ಲ ಸೇರಿ ಇಪ್ಪತ್ತೇಳು ಬಾಯಿ. ಇಬ್ಬರಿಗೆ ಆಸ್ಪತ್ರೆ ಚೀಟಿ ಬರೆದಳು. ಅವಳ ಕೈ ಸೋತಿತ್ತು, ಮನಸ್ಸು ಮಾತ್ರ ಹಗುರ.

ಎಲ್ಲರೂ ಹೋದ ಮೇಲೆ ಮೇಸ್ತ್ರಿ ತಲೆ ಕೆರೆದುಕೊಂಡು ಹತ್ತಿರ ಬಂದ. "ಒಂದು ಮಾತು. ಮೊನ್ನೆ ಭಾವನ ಮನೇಲಿ ಒಂದ್ಸಲ ಜಗಿದುಬಿಟ್ಟೆ. ನನ್ನವಳಿಗೆ ಹೇಳ್ಬೇಡಿ."

ಅವಳು ಬೈಯಲಿಲ್ಲ. "ಎಡವಿದ್ರೆ ಏಳೋದು ತಾನೇ? ಆದ್ರೆ ಹೆಂಡತಿಗೆ ನೀವೇ ಹೇಳಿ, ಅದು ನನ್ನ ಕೆಲಸ ಅಲ್ಲಪ್ಪ" ಎಂದಳು. ಮೇಸ್ತ್ರಿ ಕೈ ಒರೆಸಿಕೊಂಡು ಮನೆಯ ದಾರಿ ಹಿಡಿದ.