ಹಿತ್ತಾಳೆ ತಟ್ಟೆಗೆ ಅದೇ ಪೆಟ್ಟು

ಆಕೆಯ ವೃತ್ತಿ ಫ್ರೀ ಜಾಝ್ ಹಾಡುವುದು. ಅಂದರೆ ಮಾತಿಲ್ಲ, ಮೊದಲೇ ಕೂಡಿಸಿಟ್ಟ ಮಟ್ಟಿಲ್ಲ. ವೇದಿಕೆಯ ಮೇಲೆ ಆ ಗಳಿಗೆಗೆ ಗಂಟಲಿಗೆ ಬಂದದ್ದೇ ಹಾಡು. ಅದರಿಂದ ಹೊಟ್ಟೆ ತುಂಬದು. ವಾರಕ್ಕೆ ಐದು ದಿನ ಕಣ್ಣಿನ ಆಸ್ಪತ್ರೆಯಲ್ಲಿ ರೋಗಿಗಳ ಸರದಿ ಕೂಗುತ್ತಿದ್ದಳು. ವೇದಿಕೆಯಲ್ಲಿ ಹದಿನೆಂಟು ವರ್ಷದಿಂದ ಜೊತೆಗಿದ್ದವರು ಇಬ್ಬರು, ಡ್ರಮ್ಮಿನವನು ಮತ್ತು ಸ್ಯಾಕ್ಸೊಫೋನಿನವನು. ಅವರ ಕಟ್ಟಳೆ ಬಿಗಿ. ಅಭ್ಯಾಸ ಕೂಡದು, ಸನ್ನೆ ಕೂಡದು, ಒಮ್ಮೆ ಮಾಡಿದ್ದನ್ನು ಅದೇ ಹಾಡಿನಲ್ಲಿ ಮತ್ತೆ ಮಾಡಕೂಡದು. ಒಬ್ಬರಿಂದ ಏನೇ ಬಂದರೂ ಉಳಿದವರು ಅದನ್ನೇ ಹಿಡಿದು ಮುಂದುವರಿಯಬೇಕು.

ಆ ಭಾನುವಾರ ಮಧ್ಯಾಹ್ನ, ಮುಚ್ಚಿಹೋದ ಮುದ್ರಣಾಲಯವೊಂದರ ಹಾಲಿನಲ್ಲಿ ಕಾರ್ಯಕ್ರಮ. ಹೊಲಿಗೆ ಕೆಲಸ ಮಾಡುವ ಅವಳ ಅಕ್ಕ, ತಂಗಿಯ ಅಂಗಿತೋಳಿನ ಗುಂಡಿ ಬಿಗಿಯುತ್ತ ಹೇಳಿದಳು:

"ಬಾಯಲ್ಲಿರೋ ಪೆಪ್ಪರ್‌ಮಿಂಟು ಉಗಿದು ಹೋಗೇ."

"ಗಂಟಲು ಒಣಗುತ್ತೆ ಅಕ್ಕಾ. ದವಡೆಗೆ ಒತ್ತಿಟ್ಕೊಂಡಿರ್ತೀನಿ."

"ನೀನು ಕೂಗೋದೇ ಬಾಗಿಲಿಗೆ ಬಾಲ ಸಿಕ್ಕ ಬೆಕ್ಕಿನ ಹಾಗೆ. ಒಣಗಿದರೇನು, ನೆನೆದರೇನು!"

ಇಪ್ಪತ್ತನೆಯ ನಿಮಿಷಕ್ಕೆ ಪೆಪ್ಪರ್‌ಮಿಂಟು ಜಾರಿ ಉಸಿರಿನ ದಾರಿಗೆ ಅಡ್ಡ ಕೂತಿತು. ಗೊರಗೊರ ಸದ್ದೊಂದು ಹೊರಟಿತು. ಸ್ಯಾಕ್ಸೊಫೋನಿನವನು ಕಣ್ಣು ಮುಚ್ಚಿಕೊಂಡೇ ಅದಕ್ಕೆ ಜವಾಬು ಕೊಟ್ಟ. ಅವಳು ಕೈ ಬೀಸಿದಳು. ಡ್ರಮ್ಮಿನವನು ತಲೆ ತಗ್ಗಿಸಿಕೊಂಡು ವೇಗ ಹೆಚ್ಚಿಸಿದ. ಕುತ್ತಿಗೆ ಹಿಡಿದು ಬಾಗಿದಳು. ಮುಂದಿನ ಸಾಲಿನಲ್ಲಿ ಯಾರೋ "ಭಲೇ" ಅಂದರು. ಅಕ್ಕನೂ ಎಂದಿನ ಹುಚ್ಚಾಟವೆಂದು ನೆಲ ನೋಡುತ್ತ ಕೂತಳು. ಅಷ್ಟರಲ್ಲಿ ಆ ಗೊರಗೊರವೂ ನಿಂತು, ಉಸಿರು ಪೂರಾ ಕಟ್ಟಿಹೋಯಿತು.

ಹೊಸದೇನು ಮಾಡಿದರೂ ಇವರು ಹಾಡೆಂದೇ ತಿಳಿಯುತ್ತಾರೆ ಎಂದು ಅವಳಿಗೆ ಹೊಳೆಯಿತು. ತೂರಾಡುತ್ತ ಹೋಗಿ ಡ್ರಮ್ಮಿನ ಪಕ್ಕದ ಹಿತ್ತಾಳೆ ತಟ್ಟೆಗೆ ಅಂಗೈಯಿಂದ ಹೊಡೆದಳು. ಮತ್ತೊಮ್ಮೆ, ಅದೇ ಜಾಗಕ್ಕೆ, ಅದೇ ಬಿರುಸಿನಲ್ಲಿ. ಅಷ್ಟೇ ಬಿಡುವು ಕೊಟ್ಟು ಇನ್ನೊಮ್ಮೆ. ಮತ್ತೂ ಒಮ್ಮೆ. ಕಟ್ಟಳೆ ಮುರಿದವಳನ್ನು ಗದರಿಸಲು ಡ್ರಮ್ಮಿನವನು ಮುಖ ಸಿಂಡರಿಸಿ ತಲೆಯೆತ್ತಿದ. ನೀಲಿಗಟ್ಟಿದ ತುಟಿ ಕಂಡಿತು. ಕೋಲು ಬಿಸುಟು ಎದ್ದು, ಅವಳನ್ನು ಬಗ್ಗಿಸಿ ಬೆನ್ನಿಗೆ ಐದಾರು ಗುದ್ದು ಹಾಕಿದ. ಪೆಪ್ಪರ್‌ಮಿಂಟು ನೆಲಕ್ಕೆ ಬಿತ್ತು.

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಒಳಗಿನ ಕೋಣೆಯಲ್ಲಿ, ಉಸಿರು ಹಿಡಿತಕ್ಕೆ ಬಂದ ಮೇಲೆ ಅವಳೆಂದಳು: "ಇನ್ಮೇಲೆ ಒಂದು ಸನ್ನೆ ಇರಲಿ. ನಾನು ನೆಲಕ್ಕೆ ಕೂತರೆ ನಿಲ್ಲಿಸಿ."

"ಸನ್ನೆ ಬಂತು ಅಂದ್ರೆ ಕಲೆ ಸತ್ತ ಹಾಗೆ," ಅಂದ ಸ್ಯಾಕ್ಸೊಫೋನಿನವನು.

"ನಾನು ಸತ್ತರೆ ಪರವಾಗಿಲ್ವೇನಪ್ಪಾ?"

ಅವನು ಉತ್ತರ ಯೋಚಿಸುತ್ತ ನಿಂತ. ಅವಳಿಗೆ ಅಷ್ಟು ಸಾಕಾಯಿತು. ಮುಂದಿನ ಒಂಬತ್ತು ವರ್ಷ ಡ್ರಮ್ಮಿನವನೊಬ್ಬನ ಜೊತೆಯಲ್ಲೇ ಹಾಡಿದಳು.