ಗೋಡೆ ದಾಟಿ ಬಂದ ಗ್ಯಾಸು

ಹೋದ ತಿಂಗಳು ಹೊನ್ನಾಳಿಯಲ್ಲೊಂದು ಮದುವೆ. ಊಟ ಮುಗಿಸಿ ಕೈ ತೊಳೆಯಲು ಛತ್ರದ ಹಿಂದಕ್ಕೆ ಹೋದವಳ ಮೂಗಿಗೆ ಗಪ್ಪನೆ ಒಂದು ವಾಸನೆ ಹೊಡೆಯಿತು. ಅಲ್ಲಿ ಕಟ್ಟಿಸಿದ್ದ ಗ್ಯಾಸ್ ಗುಂಡಿಗೆ ಇಬ್ಬರು ಆಳುಗಳು ಎಂಜಲೆಲೆಯ ಅನ್ನ, ತರಕಾರಿ ಸಿಪ್ಪೆ, ಸಗಣಿ ಎಲ್ಲವನ್ನೂ ಕಲಸಿ ಸುರಿಯುತ್ತಿದ್ದರು. ನಾವು ಉಂಡ ಪಾಯಸ ಕುದಿದದ್ದೂ ಅದೇ ಗ್ಯಾಸಿನಲ್ಲಂತೆ. ಉಳಿದವರೆಲ್ಲ ಮೂಗು ಮುಚ್ಚಿಕೊಂಡು ಸರಿದರು. ನಾನು ನಿಂತೇಬಿಟ್ಟೆ. ತ್ಯಾವಣಿಗೆಯ ಹಿತ್ತಲಮನೆ ದೊಡ್ಡವ್ವ ಪಕ್ಕದಲ್ಲೇ ಬಂದು ನಿಂತಂತಾಯಿತು...

ನಾನು ತ್ಯಾವಣಿಗೆಗೆ ಸೊಸೆಯಾಗಿ ಹೋದಾಗ ಅಡುಗೆಗೆ ಸೌದೆ ಒಲೆ. ನನಗೋ ಚಿಕ್ಕಂದಿನಿಂದಲೂ ಉಬ್ಬಸ. ಸಿಲಿಂಡರಿಗೆ ಹೆಸರು ಬರೆಸಿ ಕಾಯುತ್ತಿದ್ದೆವು, ಅದು ಬರುವ ಲಕ್ಷಣವೇ ಇರಲಿಲ್ಲ. ನಮ್ಮತ್ತೆ ಕೆಟ್ಟವರಲ್ಲ, ಆದರೆ ಮಡಿ ಎಂದರೆ ಮಡಿ. ದೊಡ್ಡವ್ವ ನಮ್ಮ ಜನವೇ, ದೂರದ ಸಂಬಂಧ. ಮಡಿಯಲ್ಲಿ ಅವಳೂ ಅತ್ತೆಗಿಂತ ಏನೂ ಕಮ್ಮಿಯಿರಲಿಲ್ಲ. ಅವಳ ಹಿತ್ತಲಿಗೂ ನಮ್ಮ ಹಿತ್ತಲಿಗೂ ನಡುವೆ ಒಂದು ಮೋಟುಗೋಡೆ. ಆಚೆ ಅವಳದೊಂದು ಎಮ್ಮೆ, ಒಂದು ಗೋಬರ್ ಗ್ಯಾಸಿನ ಗುಂಡಿ. ಒಂದು ದಿನ ನಾನು ಉಸಿರು ಸಿಗದೆ ಗೋಡೆಗೊರಗಿ ಕೂತಿದ್ದನ್ನು ಅವಳು ನೋಡಿದಳು.

"ಎಲಾ ಇವಳ! ಹೊಗಿಯಾಗೇ ಸಾಯ್ಬೇಕಂತ ಮಾಡೀಯೇನು?"

ಅದೇ ವಾರ ಗೋಡೆಯ ಮೇಲಿಂದ ಕರಿ ಪೈಪೊಂದು ನಮ್ಮ ಅಡುಗೆಮನೆಗೆ ಇಳಿಯಿತು. ಕಣ್ಣಲ್ಲಿ ನೀರಿಲ್ಲದೆ ರೊಟ್ಟಿ ಬೇಯಿಸಬಹುದೆಂದು ನನಗೆ ಗೊತ್ತಾಗಿದ್ದೇ ಅಂದು. ಆದರೆ ಒಂದೆಮ್ಮೆಯ ಸಗಣಿ ಎರಡು ಮನೆಯ ಒಲೆಗೆ ಹೇಗೆ ಸಾಲುತ್ತದೆ? ಕೇಳಿದರೆ ನಗುತ್ತಿದ್ದಳು. "ಸಗಣಿ ಒಂದೇ ಆದ್ರೆ ಬಡ ಉರಿ ಕಣವ್ವಾ. ಕಲಗಚ್ಚು, ಹೋಟ್ಲು ಮುಸುರಿ, ಕೊಳತ ಬಾಳೆಹಣ್ಣು, ಏನು ಕೊಟ್ರೂ ತಿನ್ತತಿ. ಎಲ್ಲಾ ಕಲಸಿ ಗಾಳಿ ಆಡ್ದಂಗೆ ಮುಚ್ಚಿಟ್ರೆ ಆತು, ಒಳಗೆ ಅದರ ಪಾಡಿಗೆ ಅದು ಪಾಕ ಆಗ್ತತಿ."

ಆ ದಿನಗಳಲ್ಲೇ ಅವಳಿಗೊಂದು ಹೊಸ ಚಟ ಅಂಟಿತ್ತು. ಮಾತಾಡುತ್ತ ಮಾತಾಡುತ್ತ ತನ್ನ ಕೈಯನ್ನು ತಾನೇ ಮೂಸಿಕೊಳ್ಳುತ್ತಿದ್ದಳು. "ಏನು ದೊಡ್ಡವ್ವಾ, ಅತ್ತರು ಹಚ್ಕಂಡೀಯಾ?" ಎಂದು ನಾನು ರೇಗಿಸುತ್ತಿದ್ದೆ. "ಏನಿಲ್ಲ ಕಣವ್ವಾ" ಎಂದು ಕೈಯನ್ನು ಸೆರಗಿನೊಳಗೆ ಸೇರಿಸುತ್ತಿದ್ದಳು.

ಶ್ರಾವಣದ ಒಂದು ಸೋಮವಾರ. ಒಲೆಯ ಮೇಲೆ ಎಡೆಗೆಂದು ಹೋಳಿಗೆ ಬೇಯುತ್ತಿತ್ತು. ಪತ್ರೆ ಕೇಳಲು ದೊಡ್ಡವ್ವನ ಮನೆಗೆ ಹೋಗಿದ್ದ ಅತ್ತೆ ಬಿಳಿಚಿಕೊಂಡು ಓಡಿಬಂದರು.

"ಕೋಳಿ ಕರುಳೇ! ಬಕೇಟು ತುಂಬ ಕೋಳಿ ಕರುಳು ಗುಂಡಿಗೆ ಸುರೀತಿದ್ಲು ಕಣೇ!"

ಲಟ್ಟಣಿಗೆ ಕೈಯಿಂದ ಜಾರಿತು. ಇಷ್ಟು ದಿನ ನಾವು ಉಂಡದ್ದೆಲ್ಲ, ದೇವರಿಗೆ ಎಡೆ ಹಿಡಿದದ್ದೆಲ್ಲ ಆ ಬೆಂಕಿಯಲ್ಲೇ? ಸುಳ್ಳೇಕೆ ಹೇಳಲಿ, ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡೆ. ಅತ್ತೆ ಹೋಳಿಗೆಯನ್ನೆಲ್ಲ ಒಯ್ದು ತಿಪ್ಪೆಗೆ ಸುರಿದರು. ಕೇರಿಯೇ ಸೇರಿತು.

"ನಮ್ಮ ಜನದಾಗೆ ಹುಟ್ಟಿ ಯಾವ ಆಸೆಗೆ ಇಂಥಾ ಕೆಲಸ ಮಾಡ್ದೆ?" ಎಂದು ಅತ್ತೆ ಕೂಗಿದರು.

ಗೋಡೆಯಾಚೆ ನಿಂತಿದ್ದ ದೊಡ್ಡವ್ವ ಒಮ್ಮೆ ನನ್ನ ಮುಖ ನೋಡಿದಳು. ಪೈಪು ಕಿತ್ತು ಸುರುಳಿ ಸುತ್ತಿಕೊಂಡಳು. ತಿರುಗಿದವಳಿಗೆ ತಿಪ್ಪೆಯ ಮೇಲಿನ ಹೋಳಿಗೆ ಕಂಡಿತು.

"ತಿಪ್ಪಿಗ್ಯಾಕೆ ಹಾಕಿದ್ರಿ? ನನ್ನ ಗುಂಡಿಗಾದ್ರೂ ಹಾಕ್ರೀ."

ಮತ್ತೆ ಸೌದೆ, ಮತ್ತೆ ಹೊಗೆ. ಮಳೆಗಾಲ ಮುಗಿಯುವಷ್ಟರಲ್ಲಿ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಚನ್ನಗಿರಿ ಆಸ್ಪತ್ರೆಗೆಂದು ಬಸ್ಸು ಕಾಯುತ್ತಿದ್ದಾಗ ಕೋಳಿ ಅಂಗಡಿಯ ಸಾಹೇಬರು ಕೂರಲು ಸ್ಟೂಲು ತಂದುಕೊಟ್ಟರು. "ನಿಮ್ಮ ದೊಡ್ಡವ್ವಾರು ಯಾಕ್ರೀ ಈಗ ಬರಾದೇ ಇಲ್ಲ?" ಎಂದು ಕೇಳಿದರು. ಅವರೇ ಮುಂದುವರಿಸಿದರು.

"ಮೊದ್ಲು ನನ್ನ ಅಂಗಡಿ ಮುಂದೆ ಸೆರಗು ಮೂಗಿಗೆ ಹಿಡ್ಕಂಡು ಓಡೋರು. ನಿಮ್ಮನಿಗೆ ಪೈಪು ಕೊಟ್ಟ ಮ್ಯಾಲೆ ಗ್ಯಾಸು ಸಾಲ್ತಿಲ್ಲ, ಆ ಹುಡುಗಿ ಉಸಿರಿಗೆ ಒದ್ದಾಡ್ತಾಳೆ ಅಂತ ಬಂದ್ರು. ಮೊದ್ಲ ದಿನ ಬಕೇಟು ಹಿಡ್ಕಂಡು ಇಲ್ಲೇ ವಾಂತಿ ಮಾಡ್ಕಂಡ್ರು, ಪಾಪ."

ಬಸ್ಸು ಬಂದದ್ದೂ ಹೋದದ್ದೂ ನನಗೆ ಗೊತ್ತಾಗಲಿಲ್ಲ. ಕೈ ಮೂಸಿಕೊಳ್ಳುವ ಆ ಚಟ... ನಾನದಕ್ಕೆ ಅತ್ತರು ಅಂದಿದ್ದೆ. ಅಲ್ಲಿಂದ ನೇರ ದೊಡ್ಡವ್ವನ ಮನೆಗೆ ಹೋದೆ. ಪೈಪು ಮತ್ತೆ ಹಾಕು ಎಂದು ಕೇಳಿದೆ. ಅವಳು ತಲೆ ಅಲ್ಲಾಡಿಸಿದಳು.

"ಒಂದ್ಸಲ ಮನಸು ಗಟ್ಟಿ ಮಾಡ್ಕಂಡು ಕೈ ಹಾಕಿದ್ದೆ ಕಣವ್ವಾ. ಇನ್ನೊಂದ್ಸಲ ನನ್ನ ಕೈಲಿ ಆಗಲ್ಲ."

"ನೀನು ಸಗಣಿ ಕಲಸು. ಬಕೇಟು ನಾನು ತರ್ತೀನಿ" ಎಂದೆ.

ಆ ಮಾತು ನನ್ನ ಬಾಯಿಂದ ಹೇಗೆ ಬಂತೋ. ಅತ್ತೆಗೆ ಎಲ್ಲವನ್ನೂ ಹೇಳಿದೆ. ಸಂಜೆಯವರೆಗೆ ಅವರು ಜಗಲಿ ಬಿಟ್ಟು ಏಳಲಿಲ್ಲ. ಕೊನೆಗೆ, "ಸೋಮವಾರ ಸೌದಿ ಒಲಿ ಹಚ್ಚಾನ. ಹೊಗಿ ಮುಂದೆ ನಾನೇ ಕುಂದ್ರತೀನಿ. ಮಿಕ್ಕ ದಿನ ನಾನೇನೂ ನೋಡಿಲ್ಲ" ಎಂದರು. ಹಾಗೇ ನಡೆದುಕೊಂಡರು ಕೂಡ. ವರ್ಷಗಟ್ಟಲೆ ನಾನು ಬಕೇಟು ಹೊತ್ತೆ, ದೊಡ್ಡವ್ವ ಕಲಸಿದಳು. ಸಿಲಿಂಡರು ಬಂದ ಮೇಲೂ ನಾವು ಬಿಡಲಿಲ್ಲ.

ಒಂದು ಬೆಳಗ್ಗೆ ಎಮ್ಮೆ ಒಂದೇ ಸಮ ಕೂಗುತ್ತಿತ್ತು. ಹೋಗಿ ನೋಡಿದರೆ ದೊಡ್ಡವ್ವ ಕೊಟ್ಟಿಗೆಯ ಬಾಗಿಲಲ್ಲಿ ಬಿದ್ದಿದ್ದಳು. ಮೈ ತಣ್ಣಗಾಗಿತ್ತು. ಮಣ್ಣು ಮಾಡಿ ಬಂದೆವು. ಎರಡು ದಿನ ಒಲೆ ಹಚ್ಚಲಿಲ್ಲ. ಮೂರನೆಯ ದಿನ, ವಾರ ಯಾವುದೆಂಬ ಎಚ್ಚರವೂ ಇಲ್ಲದೆ, ಅಭ್ಯಾಸಬಲದಿಂದ ಗುಂಡಿ ಗ್ಯಾಸಿನ ಒಲೆಯ ಕಿವಿ ತಿರುಗಿಸಿ ಕಡ್ಡಿ ಗೀರಿದೆ. ಭಗ್ಗನೆ ಹತ್ತಿಕೊಂಡಿತು! ಬೆಚ್ಚಿ ಹಿಂದೆ ಸರಿದೆ. ಕಲಸಿದ ಕೈ ಮಣ್ಣು ಸೇರಿತ್ತು, ಅವಳು ಕಲಸಿದ್ದು ಮಾತ್ರ ಗುಂಡಿಯೊಳಗೆ ಇನ್ನೂ ಕೆಲಸ ಮಾಡುತ್ತಿತ್ತು. ಅಲ್ಲಿಯವರೆಗೆ ಬಾರದ ಅಳು ಆಗ ಬಂತು. ಅತ್ತೆ ಬಂದು ನೋಡಿದರು, ಆ ಉರಿಗೆ ಕೈ ಮುಗಿದರು. ಅಂದು ಸೋಮವಾರವಾಗಿತ್ತು.

ಗುಂಡಿಗೆ ಮತ್ತೆ ಏನು ಹಾಕಲೂ ನನಗೆ ಮನಸ್ಸಾಗಲಿಲ್ಲ. ಉರಿ ದಿನದಿಂದ ದಿನಕ್ಕೆ ಸಣ್ಣದಾಗಿ ಒಂದು ಬೆಳಗ್ಗೆ ಹತ್ತಲೇ ಇಲ್ಲ. ಈಗ ಆ ಗುಂಡಿ ಮುಚ್ಚಿ ಮೇಲೆ ಯಾರೋ ಟ್ರಾಕ್ಟರು ನಿಲ್ಲಿಸುತ್ತಾರೆ. ಅತ್ತೆಯೂ ಇಲ್ಲ.

ಛತ್ರದ ನಲ್ಲಿಯಲ್ಲಿ ಕೈ ತೊಳೆದೆ. ತೊಳೆದ ಕೈ ತಾನಾಗಿ ಮೂಗಿಗೆ ಹೋಯಿತು. ಬರೀ ಸೋಪಿನ ವಾಸನೆ. ಪಕ್ಕದಲ್ಲಿ ನಿಂತಿದ್ದ ನೆಂಟರ ಹುಡುಗಿ ನಕ್ಕಳು. "ಏನಾಂಟಿ, ಕೈ ಮೂಸ್ತೀರಿ?"

"ಏನಿಲ್ಲ ಕಣವ್ವಾ" ಎಂದು ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡೆ.